ಶುದ್ಧ ನೀರಿನ ಯಂತ್ರವೂ ಮಾಗಿಯ ಚಳಿಯೂ

ಮಾಗಿಯ ಚಳಿ ಕಾಲಿಟ್ಟಿತೆಂದರೆ ಅನೇಕ ಮನೆಗಳಲ್ಲಿ ಒಂದು ದೂರು ಕೇಳಿಬರುತ್ತದೆ. ಅಡುಗೆಮನೆಯ ಗೋಡೆಗೆ ತಗುಲಿಸಿದ ಆರ್.ಓ. ಯಂತ್ರವು ಹಿಂದಿನಂತೆ ನೀರು ಕೊಡುತ್ತಿಲ್ಲ. ಬೇಸಗೆಯಲ್ಲಿ ಒಂದು ಗಂಟೆಗೆ ತುಂಬುತ್ತಿದ್ದ ಬಿಂದಿಗೆಗೆ ಈಗ ಎರಡು ಗಂಟೆ ಬೇಕು. ರಿಪೇರಿಯವನು ಬಂದು, 'ಮೆಂಬ್ರೇನ್ ಕೆಟ್ಟಿದೆ, ಬದಲಾಯಿಸಬೇಕು' ಎನ್ನುತ್ತಾನೆ. ಮನೆಯವರು ಹಣ ತೆರುತ್ತಾರೆ. ಆದರೆ ಹೊಸದನ್ನು ಹಾಕಿದ ಮೇಲೂ ಬೇಸಗೆಯ ಆ ವೇಗ ಮರಳಿ ಬರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು! ಎಷ್ಟೋ ವೇಳೆ ಇಲ್ಲಿ ಕೆಟ್ಟಿರುವುದು ಯಂತ್ರವಲ್ಲ, ತಣ್ಣಗಾಗಿರುವುದು ನೀರು.

ಮೊದಲು ಯಂತ್ರದ ಕೆಲಸವನ್ನು ತಿಳಿಯೋಣ. ಉಪ್ಪುನೀರನ್ನೂ ಸಿಹಿನೀರನ್ನೂ ತಕ್ಕದಾದ ಒಂದು ತೆಳು ಪೊರೆಯಿಂದ ಬೇರ್ಪಡಿಸಿದರೆ ಸಿಹಿನೀರು ತಾನಾಗಿಯೇ ಪೊರೆಯನ್ನು ದಾಟಿ ಉಪ್ಪುನೀರಿನತ್ತ ಸಾಗುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವುದು ಈ ಕಾರಣದಿಂದಲೇ. 1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ ಎಂಬವನು ಹಂದಿಯ ಮೂತ್ರಕೋಶದ ಪೊರೆಯನ್ನು ಬಳಸಿ ಈ ವ್ಯಾಪಾರವನ್ನು ಕಂಡನು. ಉಪ್ಪುನೀರಿನ ಕಡೆಯಿಂದ ಸಾಕಷ್ಟು ಒತ್ತಡ ಹೇರಿದೆವಾದರೆ ಪ್ರವಾಹವು ಹಿಮ್ಮೊಗವಾಗುತ್ತದೆ: ನೀರು ಪೊರೆಯನ್ನು ದಾಟುತ್ತದೆ, ಲವಣದ ಬಹುಭಾಗ ಹಿಂದೆ ಉಳಿಯುತ್ತದೆ. ಇದೇ ಹಿಮ್ಮುಖ ಅಭಿಸರಣ. ತತ್ತ್ವ ಹಳೆಯದಾದರೂ, ಬಳಕೆಗೆ ಸಾಲುವಷ್ಟು ನೀರನ್ನು ದಾಟಿಸುವ ಪೊರೆ ಬಹುಕಾಲ ದೊರೆತಿರಲಿಲ್ಲ. ಅಂಥದನ್ನು 1960ರ ಸುಮಾರಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸಿದ್ಧಪಡಿಸಿದವರು ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಅವರದು ಸೆಲ್ಯುಲೋಸ್ ಅಸಿಟೇಟಿನ ಪೊರೆ. ಇಂದಿನ ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಪಾಲಿಅಮೈಡಿನ ಪೊರೆ.

ಈ ಪೊರೆಯ ಸುರುಳಿಯ ಮೇಲೆ '75 ಜಿ.ಪಿ.ಡಿ.' ಎಂಬಂಥ ಮುದ್ರೆ ಇರುವುದನ್ನು ವಾಚಕರು ನೋಡಿರಬಹುದು. ದಿನಕ್ಕೆ 75 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 284 ಲೀಟರು, ಎಂದು ಇದರ ಅರ್ಥ. ಹತ್ತು ನಿಮಿಷಕ್ಕೆ ಹೆಚ್ಚುಕಡಮೆ 2 ಲೀಟರು. ಆದರೆ ಈ ಅಂಕೆಗೊಂದು ಕಟ್ಟುಪಾಡುಂಟು: ನಿಗದಿಯಾದ ಒತ್ತಡವಿರಬೇಕು ಮತ್ತು ನೀರಿನ ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಪೊರೆ ತಯಾರಿಸುವವರು ಬಳಸುವ ಒಂದು ಸೂತ್ರದಂತೆ, 25 ಡಿಗ್ರಿಯಲ್ಲಿ 100 ಪಾಲು ನೀರು ಬಂದರೆ 20 ಡಿಗ್ರಿಯಲ್ಲಿ 84, 15 ಡಿಗ್ರಿಯಲ್ಲಿ 70, 10 ಡಿಗ್ರಿಯಲ್ಲಿ 58 ಪಾಲು ಮಾತ್ರ ಬರುತ್ತದೆ. ಇತ್ತ 30 ಡಿಗ್ರಿಯಲ್ಲಿ 116, 35 ಡಿಗ್ರಿಯಲ್ಲಿ 133 ಪಾಲು. ಸ್ಥೂಲವಾಗಿ, ಒಂದು ಡಿಗ್ರಿಗೆ ನೂರಕ್ಕೆ ಮೂರರಂತೆ ಏರಿಳಿತವೆಂದು ನೆನಪಿಟ್ಟುಕೊಂಡರೆ ಸಾಕು.

ಹೀಗಾಗಲು ಕಾರಣವೇನು? ಜೋನಿಬೆಲ್ಲವು ಚಳಿಯಲ್ಲಿ ಗಡಿಗೆಯಿಂದ ಇಳಿಯಲು ಎಷ್ಟು ಸತಾಯಿಸುತ್ತದೆಂಬುದು ಎಲ್ಲರಿಗೂ ಗೊತ್ತು. ದ್ರವದ ಈ ಗುಣಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ಕಣ್ಣಿಗೆ ಕಾಣದಿದ್ದರೂ ನೀರಿಗೂ ಈ ಗುಣವಿದೆ. 25 ಡಿಗ್ರಿಯಿಂದ 15 ಡಿಗ್ರಿಗೆ ಇಳಿದಾಗ ನೀರಿನ ಸ್ನಿಗ್ಧತೆ ನೂರಕ್ಕೆ 28ರಷ್ಟು ಹೆಚ್ಚುತ್ತದೆ. ಆದರೆ ಇದೊಂದನ್ನೇ ಲೆಕ್ಕ ಹಾಕಿದರೆ 100 ಪಾಲು ನೀರು 78ಕ್ಕೆ ಇಳಿಯಬೇಕಾಗಿತ್ತು; ಇಳಿಯುವುದೋ 70ಕ್ಕೆ. ಉಳಿದ ಕೊರತೆಗೆ ಪೊರೆಯೇ ಹೊಣೆ. ಪೊರೆಯ ವಸ್ತುವಿನ ಉದ್ದನೆಯ ಅಣುಸರಪಳಿಗಳು ಶಾಖದಲ್ಲಿ ಸಡಿಲವಾಗಿ ಅಲುಗುತ್ತವೆ, ತಂಪಿನಲ್ಲಿ ಬಿಗಿಯುತ್ತವೆ. ನೀರಿನ ಅಣುವಿಗೆ ನುಸುಳುವ ದಾರಿ ಆ ಮಟ್ಟಿಗೆ ಕಷ್ಟವಾಗುತ್ತದೆ. ಅಭಿಸರಣದ ಒತ್ತಡವೂ ಶಾಖದೊಡನೆ ಏರುವುದಲ್ಲವೆ, ಅದು ಬೇಸಗೆಯಲ್ಲಿ ಅಡ್ಡಿಯಾಗದೆ, ಎಂದು ಯಾರಾದರೂ ಕೇಳಬಹುದು. ಏರುವುದು ನಿಜ, ಆದರೆ ಹತ್ತು ಡಿಗ್ರಿಗೆ ಆ ಏರಿಕೆ ನೂರಕ್ಕೆ ಮೂರರಷ್ಟು ಮಾತ್ರ. ಮನೆಯ ನೀರಿನಲ್ಲಿ ಆ ಒತ್ತಡವೇ ಪಂಪಿನ ಒತ್ತಡದ ಮುಂದೆ ಅಲ್ಪ.

ಇಲ್ಲಿಯವರೆಗೆ ಚಳಿಗಾಲದ ತಪ್ಪು ತಿಳಿವಳಿಕೆಯನ್ನು ಹೇಳಿದ್ದಾಯಿತು. ಬೇಸಗೆಯ ತಪ್ಪು ಇದಕ್ಕಿಂತ ಅಪಾಯಕರ. ಕಲಬುರಗಿ, ರಾಯಚೂರಿನ ಕಡೆ ಮೇ ತಿಂಗಳಲ್ಲಿ ಹಗಲಿನ ತಾಪ 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮುಟ್ಟಿದರೆ ಕೈ ಹಿಂತೆಗೆಯುವಂತಿರುತ್ತದೆ. ಆಗ ಅರ್ಧ ಕಟ್ಟಿಕೊಂಡ ಪೊರೆಯೂ ಧಾರಾಳವಾಗಿ ನೀರು ಕೊಡುತ್ತದೆ; ಮನೆಯವರು ಎಲ್ಲವೂ ಸರಿಯಾಗಿದೆಯೆಂದು ನೆಮ್ಮದಿಯಾಗಿರುತ್ತಾರೆ. ಅಲ್ಲದೆ ನೀರು ಬಿಸಿಯಾದಂತೆ ಪೊರೆಯನ್ನು ದಾಟಿ ಬರುವ ಲವಣವೂ ಹೆಚ್ಚುತ್ತದೆ. ಪಾವಗಡ, ಮುಂಡರಗಿಯಂಥ ಕಡೆಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿಗೆ ಹೆದರಿಯೇ ಜನ ಇಂಥ ಯಂತ್ರಗಳನ್ನು ಆಶ್ರಯಿಸಿದ್ದಾರೆ. ಹಲ್ಲಿಗೂ ಮೂಳೆಗೂ ಕೇಡು ತರುವ ಆ ವಸ್ತುವಿನ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಂಥ ಊರಿನಲ್ಲಿ 'ನೀರು ಚೆನ್ನಾಗಿ ಬರುತ್ತಿದೆ' ಎಂಬ ಮಾತು 'ಚೆನ್ನಾದ ನೀರು ಬರುತ್ತಿದೆ' ಎಂಬ ಮಾತಿಗೆ ಸಮನಲ್ಲ. ಕೈಯಲ್ಲಿ ಹಿಡಿಯುವ ಟಿ.ಡಿ.ಎಸ್. ಮೀಟರು ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಹೇಳುತ್ತದೆ. ಫ್ಲೋರೈಡನ್ನು ತಿಳಿಯಬೇಕಾದರೆ ಪ್ರಯೋಗಶಾಲೆಗೇ ಹೋಗಬೇಕು.

ಪೊರೆಯ ನಿಜಸ್ಥಿತಿಯನ್ನು ತಿಳಿಯಲು ಒಂದು ಉಷ್ಣಮಾಪಕ, ಒಂದು ಅಳತೆಯ ಪಾತ್ರೆ, ಒಂದು ಗಡಿಯಾರ ಸಾಕು. ಯಂತ್ರವು ಹೊರಗೆ ಬಿಡುವ ತ್ಯಾಜ್ಯ ನೀರಿನ ಉಷ್ಣತೆಯನ್ನು ನೋಡಿರಿ. ಹತ್ತು ನಿಮಿಷ ಬಂದ ಶುದ್ಧ ನೀರನ್ನು ಅಳೆಯಿರಿ. ಅದನ್ನು ಮೇಲೆ ಹೇಳಿದ ಪಾಲಿನಿಂದ ಭಾಗಿಸಿ ನೂರರಿಂದ ಗುಣಿಸಿರಿ. 15 ಡಿಗ್ರಿಯಲ್ಲಿ 1.4 ಲೀಟರು ಬಂದರೆ ಉತ್ತರ 2 ಲೀಟರು: ಪೊರೆ ಆರೋಗ್ಯವಾಗಿದೆ. 35 ಡಿಗ್ರಿಯಲ್ಲಿ 2 ಲೀಟರೇ ಬಂದರೂ ಉತ್ತರ 1.5 ಲೀಟರು: ಕಾಲುಭಾಗ ಶಕ್ತಿ ಆಗಲೇ ಕುಂದಿದೆ. ನೋಡಲು ಬಡವಾದದ್ದು ಗಟ್ಟಿ, ನೋಡಲು ಸಮೃದ್ಧವಾದದ್ದು ರೋಗಿ! ಪಂಪಿನ ಒತ್ತಡ ಮನೆಯಿಂದ ಮನೆಗೆ ಬೇರೆಯಾಗುವುದರಿಂದ, ಪೊರೆ ಹೊಸದಾಗಿದ್ದಾಗಲೇ ಇಂಥದೊಂದು ಅಳತೆಯನ್ನು ತಾರೀಖು ಸಹಿತ ಬರೆದಿಡುವುದು ಲೇಸು.

ಹಾಗಾದರೆ ಚಳಿಗಾಲದಲ್ಲಿ ನೀರನ್ನು ಕಾಯಿಸಿ ಹರಿಸೋಣವೆಂದು ಯಾರೂ ಹೊರಡಬಾರದು. ಇಂಥ ಪೊರೆಗೆ ಸಾಮಾನ್ಯವಾಗಿ 45 ಡಿಗ್ರಿಯೇ ಮೇರೆ. ಅದನ್ನು ಮೀರಿದರೆ ಪೊರೆ ಕೆಡುತ್ತದೆ. ಚಳಿಯಲ್ಲಿ ಸ್ವಲ್ಪ ತಾಳ್ಮೆ, ಬೇಸಗೆಯಲ್ಲಿ ಟ್ಯಾಂಕಿಗೆ ಸ್ವಲ್ಪ ನೆರಳು, ಇವೆರಡೇ ತಕ್ಕ ಉಪಾಯ. ಕಲಾ ವಿಭಾಗದವರಾದ ನಮಗೆ ಇದು ವಿಜ್ಞಾನದವರ ಗೊಡವೆ ಎನ್ನಿಸಬಹುದು. ಆದರೆ ಕುಡಿಯುವ ನೀರಿಗೆ ವಿಭಾಗಗಳಿಲ್ಲ. ಅಳೆದು ನೋಡಿ ತೀರ್ಪು ಕೊಡುವ ಅಭ್ಯಾಸ ಯಾವ ವಿಭಾಗದವರಿಗೂ ಭೂಷಣವೇ.