ನಮ್ಮ ಹೆಸರಿನಲ್ಲಿ ವಾರಂಟು ಇದೆಯೇ? ಕೋರ್ಟಿನ ದಾಖಲೆ ಹುಡುಕುವ ಬಗೆ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ಕಚೇರಿಯ ಮೆಟ್ಟಿಲು ಹತ್ತದೆ ಬಾಳಿದವನೇ ಪುಣ್ಯವಂತನೆಂದು ನಮ್ಮ ಹಿರಿಯರು ನಂಬಿದ್ದರು. ಐರ್ಲೆಂಡಿಗೆ ಬಂದು ನೆಲೆಸಿದ ಮೇಲೂ ಆ ಅಂಜಿಕೆ ನಮ್ಮನ್ನು ಬಿಟ್ಟಿಲ್ಲ. ಕೋರ್ಟಿನ ಲಕೋಟೆ ಬಂದರೆ ಒಡೆಯಲು ಹೆದರಿ ನಾಳೆ ನೋಡೋಣವೆಂದು ಎತ್ತಿಡುವವರು ನಮ್ಮಲ್ಲಿ ಇಲ್ಲದಿಲ್ಲ. ಆದರೆ ಒಡೆಯದ ಲಕೋಟೆಯೂ ಕಾನೂನಿನ ಕಣ್ಣಿಗೆ ತಲಪಿದ ಲಕೋಟೆಯೇ ಸರಿ. ಆದುದರಿಂದ ವಾರಂಟು ಹೇಗೆ ಹುಟ್ಟುತ್ತದೆ, ಅದು ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ, ಊರಿನ ಕೋರ್ಟಿನ ಸಂಗತಿಯನ್ನು ಇಲ್ಲಿಂದಲೇ ನೋಡುವುದು ಹೇಗೆ ಎಂಬುದನ್ನು ಸದಸ್ಯ ಬಂಧುಗಳ ಮುಂದಿಡಬಯಸುತ್ತೇವೆ.

ವಾರಂಟು ಹುಟ್ಟುವ ಬಗೆ

ವಾರಂಟು ಎಂದೊಡನೆ ಕಳ್ಳಕಾಕರ ನೆನಪಾಗುವುದು ಸಹಜ. ನಮ್ಮಂಥ ಸಂಸಾರಸ್ಥರ ಮನೆಗೆ ಅದು ಬರುವ ದಾರಿ ಬಹಳ ಸಾಧಾರಣವಾದುದು. ಕಾರು ಮಿತಿಮೀರಿದ ವೇಗದಲ್ಲಿ ಓಡಿತೆನ್ನಿ. 2022ರ ಅಕ್ಟೋಬರಿನಿಂದ ಇದಕ್ಕೆ ದಂಡ 160 ಯೂರೋ. 28 ದಿನದೊಳಗೆ ಕಟ್ಟಿದರೆ ಅಷ್ಟಕ್ಕೇ ಮುಗಿಯಿತು. ಮುಂದಿನ 28 ದಿನದಲ್ಲಿ ಕಟ್ಟಿದರೆ ಅರ್ಧ ಪಾಲು ಹೆಚ್ಚು, ಅಂದರೆ 240 ಯೂರೋ. ಅದೂ ತಪ್ಪಿದರೆ ಸಮನ್ಸು. ಸಮನ್ಸು ಬಂದ ಮೇಲೂ ಇನ್ನೊಂದು ಅವಕಾಶವುಂಟು: ಕೋರ್ಟಿನ ದಿನಕ್ಕೆ 7 ದಿನ ಮುಂಚೆ ಮೂಲದಂಡದ ಎರಡರಷ್ಟು ಕಟ್ಟಿ ಹಾಜರಿಯನ್ನು ತಪ್ಪಿಸಿಕೊಳ್ಳಬಹುದು. ಯಾವುದನ್ನೂ ಮಾಡದೆ, ಹಾಜರಾಗದೆ ಇದ್ದರೆ ನ್ಯಾಯಾಧೀಶರು ನಮ್ಮ ಗೈರುಹಾಜರಿಯಲ್ಲೇ ದಂಡ ವಿಧಿಸಬಹುದು, ಇಲ್ಲವೇ ಹಿಡಿದು ತರುವಂತೆ ವಾರಂಟು ಹೊರಡಿಸಬಹುದು. ವಿಧಿಸಿದ ದಂಡವನ್ನು ಕಟ್ಟದೆ, ಅದರ ವಿಚಾರಣೆಗೂ ಹೋಗದೆ ಇದ್ದರೂ ವಾರಂಟೇ ಗತಿ.

ಇಲ್ಲಿ ನಮ್ಮವರಿಗೆ ಆಗುವ ತೊಡಕು ಒಂದೇ: ವಿಳಾಸ. ಬಾಡಿಗೆ ಮನೆಗಳ ಕಾಲವಿದು. ಟಾಲಾದಲ್ಲಿ ಎರಡು ವರ್ಷ, ಸ್ವೋರ್ಡ್ಸಿನಲ್ಲಿ ಒಂದು ವರ್ಷ, ಆಮೇಲೆ ಕೆಲಸ ಬದಲಾಗಿ ಕಾರ್ಕಿಗೆ. ಮನೆ ಬದಲಾದಾಗ ಬ್ಯಾಂಕಿಗೆ ಹೇಳುತ್ತೇವೆ, ಶಾಲೆಗೆ ಹೇಳುತ್ತೇವೆ, ಕಾರಿನ ನೋಂದಣಿ ಪತ್ರವನ್ನು ಮರೆಯುತ್ತೇವೆ. ನೋಟೀಸು ಹಳೆಯ ಬಾಗಿಲಿಗೆ ಹೋಗುತ್ತದೆ. ಅಲ್ಲಿರುವ ಹೊಸ ಬಾಡಿಗೆದಾರ ಅದನ್ನು ಕಸಕ್ಕೆ ಹಾಕುತ್ತಾನೆ. ನಮಗೆ ಏನೂ ತಿಳಿಯದು. ಕೋರ್ಟಿನಲ್ಲಿ ಮಾತ್ರ ನಮ್ಮ ಹೆಸರು ಕೂಗಿ ಮುಗಿದಿರುತ್ತದೆ.

ಎಲ್ಲಿ ಹುಡುಕಬೇಕು

ಅಮೆರಿಕದ ಎಷ್ಟೋ ಕೌಂಟಿಗಳಲ್ಲಿ ಹೆಸರು ಬರೆದರೆ ವಾರಂಟಿನ ಪಟ್ಟಿ ಕಣ್ಣಮುಂದೆ ಬರುತ್ತದೆ. ಐರ್ಲೆಂಡಿನಲ್ಲಿ ಅಂಥ ಸಾರ್ವಜನಿಕ ಪಟ್ಟಿ ಇಲ್ಲ. ಅಂತರ್ಜಾಲದಲ್ಲಿ ಹಣ ಪಡೆದು ಐರಿಷ್ ವಾರಂಟು ಹುಡುಕಿಕೊಡುತ್ತೇವೆ ಎನ್ನುವವರಿಗೆ ಒಂದು ಕಾಸನ್ನೂ ಕೊಡಬೇಡಿ. ವಾರಂಟು ಹೊರಡಿಸುವುದು ಕೋರ್ಟು, ಜಾರಿಗೆ ಇಟ್ಟುಕೊಳ್ಳುವುದು ಗಾರ್ಡಾ ಪೊಲೀಸು. ತಿಳಿಯುವ ಸರಿಯಾದ ದಾರಿಗಳು ಮೂರು.

ಮೊದಲನೆಯದು, ಸಂಬಂಧಪಟ್ಟ ಡಿಸ್ಟ್ರಿಕ್ಟ್ ಕೋರ್ಟಿನ ಕಚೇರಿ. ಸಮನ್ಸಿನ ಸಂಖ್ಯೆ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಪೂರ್ಣ ಹೆಸರು, ಹುಟ್ಟಿದ ದಿನ, ಆಗಿನ ವಿಳಾಸ ಸಿದ್ಧವಿರಲಿ. ಎರಡನೆಯದು, ಒಬ್ಬ ಸಾಲಿಸಿಟರ್. ಅವರು ಕೋರ್ಟಿನೊಡನೆಯೂ ಠಾಣೆಯೊಡನೆಯೂ ವಿಚಾರಿಸಿ, ವಾರಂಟು ಇದ್ದರೆ ನಾವೇ ಹೋಗಿ ಹಾಜರಾಗುವ ದಿನವನ್ನು ಗೊತ್ತುಮಾಡಬಲ್ಲರು. ತಾನಾಗಿ ಬಂದವನಿಗೂ ವಿಮಾನ ನಿಲ್ದಾಣದಲ್ಲಿ ಸಿಕ್ಕವನಿಗೂ ನ್ಯಾಯಾಧೀಶರ ಮುಂದೆ ಅಜಗಜಾಂತರ. ಮೂರನೆಯದು, ನಮ್ಮ ಬಗ್ಗೆ ಗಾರ್ಡಾ ಇಟ್ಟಿರುವ ವಿವರದ ಪ್ರತಿಯನ್ನು ದತ್ತಾಂಶ ರಕ್ಷಣೆಯ ಕಾನೂನಿನಡಿ ಕೇಳುವುದು. ಇದು ನಮ್ಮ ಹಕ್ಕು; ಬೇರೆಯವರ ವಿವರವನ್ನು ಹೀಗೆ ಕೇಳಲಾಗದು.

ನಮಗೆ ತಿಳಿಯದಂತೆ ಶಿಕ್ಷೆಯಾಗಿದೆ ಎಂದು ಗೊತ್ತಾದರೆ ಕೈಕಟ್ಟಿ ಕೂರಬಾರದು. ಸಮನ್ಸು ಅಥವಾ ವಿಚಾರಣೆಯ ಸೂಚನೆ ತಲಪಿರಲಿಲ್ಲವೆಂದು, ಸಂಗತಿ ತಿಳಿದ 21 ದಿನದೊಳಗೆ ಆ ಕೋರ್ಟಿಗೇ ಅರ್ಜಿ ಹಾಕಲು 1991ರ ಕೋರ್ಟುಗಳ ಕಾಯಿದೆಯಲ್ಲಿ ಅವಕಾಶವಿದೆ. ಡಿಸ್ಟ್ರಿಕ್ಟ್ ಕೋರ್ಟಿನ ತೀರ್ಪಿನ ಮೇಲೆ ಸರ್ಕ್ಯೂಟ್ ಕೋರ್ಟಿಗೆ ಮೇಲ್ಮನವಿಗೆ 14 ದಿನ. ದಂಡ 100 ಯೂರೋ ಮೀರಿದ್ದರೆ ವರ್ಷದೊಳಗೆ ಕಂತಿನಲ್ಲಿ ಕಟ್ಟಬಹುದು. ಕೈಯಲ್ಲಿ ಹಣವಿಲ್ಲದವರಿಗೆ 1969ರಲ್ಲಿ ಕಾನೂನು ವಿದ್ಯಾರ್ಥಿಗಳು ಆರಂಭಿಸಿದ ಫ್ಲ್ಯಾಕ್ ಎಂಬ ಸಂಸ್ಥೆ ಉಚಿತ ಸಲಹೆ ಕೊಡುತ್ತದೆ.

ಸಿವಿಲ್ ದಾವೆಗಳು

ಹಣಕಾಸಿನ ದಾವೆಗಳಲ್ಲಿ 15,000 ಯೂರೋವರೆಗಿನವು ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ, 75,000ವರೆಗಿನವು ಸರ್ಕ್ಯೂಟ್ ಕೋರ್ಟಿನಲ್ಲಿ, ಅದಕ್ಕೆ ಮೇಲ್ಪಟ್ಟವು ಹೈಕೋರ್ಟಿನಲ್ಲಿ ನಡೆಯುತ್ತವೆ. ಹೈಕೋರ್ಟಿನ ದಾವೆಗಳನ್ನು ಕೋರ್ಟ್ಸ್ ಸರ್ವಿಸ್ ಜಾಲತಾಣದಲ್ಲಿ ಪಕ್ಷಕಾರರ ಹೆಸರು ಹಿಡಿದು ಯಾರು ಬೇಕಾದರೂ ಹುಡುಕಬಹುದು. ಯಾರು ಯಾರ ಮೇಲೆ ಹಾಕಿದ್ದಾರೆ, ಸಾಲಿಸಿಟರ್ ಯಾರು, ಏನೇನು ದಾಖಲಾಗಿದೆ ಎಂಬಷ್ಟು ಸಿಗುತ್ತದೆ; ಒಳಗಿನ ಕಾಗದಪತ್ರ ಸಿಗದು. ಮನೆ ಕಟ್ಟಿಸಲು ಮುಂಗಡ ಕೊಡುವ ಮುನ್ನ ಕಂಟ್ರಾಕ್ಟರನ ಹೆಸರನ್ನು ಅಲ್ಲೊಮ್ಮೆ ನೋಡಿದರೆ ನಷ್ಟವೇನಿಲ್ಲ.

ಒಂದು ಸಮಾಧಾನದ ಮಾತು. ಈ ದೇಶದಲ್ಲಿ ನ್ಯಾಯ ಬಹಿರಂಗವಾಗಿ ನಡೆಯಬೇಕೆಂಬುದು ಸಂವಿಧಾನದ ನಿಯಮವಾದರೂ, ಕುಟುಂಬದ ವ್ಯಾಜ್ಯಗಳು ಮುಚ್ಚಿದ ಬಾಗಿಲೊಳಗೆ ನಡೆಯುತ್ತವೆ. ಗಂಡನ ಹೊಡೆತ ತಾಳಲಾರದೆ ರಕ್ಷಣೆ ಕೇಳಿ ಕೋರ್ಟಿಗೆ ಹೋದ ಹೆಣ್ಣುಮಗಳ ಹೆಸರು ಯಾವ ಹುಡುಕಾಟದಲ್ಲೂ ಹೊರಬೀಳದು. ಸಂಘದಲ್ಲಿ ನಾಲ್ಕು ಜನಕ್ಕೆ ತಿಳಿದೀತೆಂದು ಹೆದರಿ ಸಹಿಸುತ್ತಿರುವ ಸೋದರಿಯರು ಯಾರಾದರೂ ಇದ್ದರೆ ಈ ಸಾಲನ್ನು ಎರಡು ಸಲ ಓದಲಿ.

ಏಕೆ ಅವಸರ?

ಪೌರತ್ವದ ಅರ್ಜಿ ಹಾಕುವಾಗ 1956ರ ಕಾಯಿದೆಯಂತೆ ಅರ್ಜಿದಾರನ ನಡತೆ ಚೆನ್ನಾಗಿರಬೇಕು. ರಸ್ತೆಯ ತಪ್ಪುಗಳೂ ಆ ಲೆಕ್ಕಕ್ಕೆ ಬರುತ್ತವೆ. ಸಣ್ಣ ದಂಡವೊಂದರಿಂದ ಬಾಗಿಲು ಮುಚ್ಚಿಹೋಗಬೇಕಾಗಿಲ್ಲ. ಆದರೆ ಅದನ್ನು ಹೇಳದೆ ಬಿಟ್ಟರೆ ಮರೆಮಾಚಿದ ಹಾಗಾಗುತ್ತದೆ. ಹಾಗೆಯೇ ಆಸ್ಪತ್ರೆ, ಶಾಲೆ, ವೃದ್ಧಾಶ್ರಮಗಳಲ್ಲಿ ದುಡಿಯುವವರಿಗೆ ಗಾರ್ಡಾ ವೆಟಿಂಗ್ ಎಂಬ ಪರಿಶೀಲನೆ ಕಡ್ಡಾಯ. ಇದರ ಕಾನೂನು 2016ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ. ಮಕ್ಕಳಿಗೆ ಕನ್ನಡ ಕಲಿಸಲು ಮುಂದೆ ಬರುವ ತಾಯಂದಿರಿಗೂ ಇದು ಬೇಕಾದೀತು. ಅಲ್ಲಿ ಗೊತ್ತಿಲ್ಲದ ಶಿಕ್ಷೆಯೊಂದು ಮೇಲೆದ್ದು ಬಂದರೆ ಆಗುವ ಮುಜುಗರಕ್ಕಿಂತ ಮೊದಲೇ ಹುಡುಕಿ ತಿಳಿದಿರುವುದು ಲೇಸು.

ಊರಿನ ಕೋರ್ಟು

ಊರಿನಲ್ಲಿ ಅಮೀನ ಬಂದು ಬಾಗಿಲಿಗೆ ನೋಟೀಸು ಅಂಟಿಸಿ ಹೋದರೆ ಇಲ್ಲಿರುವ ನಮಗೆ ತಿಳಿಯುವುದು ಯಾವಾಗಲೋ. ಅಣ್ಣತಮ್ಮಂದಿರ ಪಾಲುಪಟ್ಟಿಯ ದಾವೆ, ಸಹಿ ಮಾಡಿ ಬಿಟ್ಟುಬಂದ ಚೆಕ್ಕಿನ ಕೇಸು, ಎರಡೂ ನಮ್ಮ ಬೆನ್ನ ಹಿಂದೆ ಬೆಳೆಯಬಲ್ಲವು. ಭಾರತದ ಇ-ಕೋರ್ಟ್ಸ್ ಜಾಲತಾಣದಲ್ಲಿ ಕರ್ನಾಟಕ, ಜಿಲ್ಲೆ, ಕೋರ್ಟು ಸಂಕೀರ್ಣ ಆರಿಸಿ, ಪಕ್ಷಕಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕಬಹುದು. ಪೊಲೀಸು ಠಾಣೆ ಮತ್ತು ಎಫ್.ಐ.ಆರ್. ಸಂಖ್ಯೆಯಿಂದಲೂ ಆಗುತ್ತದೆ. ಪ್ರತಿ ಪ್ರಕರಣಕ್ಕೂ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕಿಗಳ ಗುರುತಿದೆ. ಅದರ ಕೊನೆಯ ನಾಲ್ಕು ಅಂಕಿ ವರ್ಷ. ಅದೊಂದು ಕೈಯಲ್ಲಿದ್ದರೆ ಮುಂದಿನ ವಾಯಿದೆ ಎಂದು, ಯಾವ ಹಂತದಲ್ಲಿದೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ.

ಹುಡುಕುವಾಗ ನಮ್ಮ ಹೆಸರುಗಳ ಗೋಜಲನ್ನು ನೆನಪಿಡಿ. ಊರಿನ ದಾಖಲೆಯಲ್ಲಿ ಹೆಸರು ಮುಂದೆ, ಇನಿಷಿಯಲ್ ಹಿಂದೆ, ಜೊತೆಗೆ ತಂದೆಯ ಹೆಸರು. ಇಲ್ಲಿನ ದಾಖಲೆಯಲ್ಲಿ ಅಪ್ಪನ ಹೆಸರೋ ಊರ ಹೆಸರೋ ಮನೆತನದ ಹೆಸರಾಗಿ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಲಕ್ಷ್ಮಿಯೊಬ್ಬಳಿಗೇ ನಾಲ್ಕು ಕಾಗುಣಿತ. ಎಲ್ಲ ಬಗೆಯಲ್ಲೂ ಹುಡುಕದೆ ಏನೂ ಇಲ್ಲವೆಂದು ನಿಶ್ಚಿಂತರಾಗಬಾರದು. ಅದೇ ಹೆಸರಿನ ಬೇರೊಬ್ಬರ ಕೇಸು ಕಂಡು ಗಾಬರಿಯಾಗುವುದೂ ಬೇಡ. ತಂದೆಯ ಹೆಸರು, ಊರು ತಾಳೆ ನೋಡಿ.

ದಾವೆ ಬರಬಹುದೆಂಬ ಅನುಮಾನವಿದ್ದರೆ ವಕೀಲರ ಮೂಲಕ ಕೇವಿಯಟ್ ಹಾಕಿಡಬಹುದು. 90 ದಿನ ಅದು ಕಾವಲಿರುತ್ತದೆ. ಇನ್ನೊಂದು ಎಚ್ಚರ: ಊರಿನ ಕ್ರಿಮಿನಲ್ ಕೋರ್ಟಿನ ವಾರಂಟು ಇದ್ದರೆ 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಪಾಸ್‌ಪೋರ್ಟನ್ನೇ ವಶಪಡಿಸಿಕೊಳ್ಳಬಹುದು. ಡಬ್ಲಿನ್ನಿನ ರಾಯಭಾರ ಕಚೇರಿಗೆ ನವೀಕರಣಕ್ಕೆ ಹೋದಾಗ ತಿಳಿಯುವುದಕ್ಕಿಂತ ಈ ವಾರಾಂತ್ಯದಲ್ಲೇ ಅರ್ಧ ಗಂಟೆ ಕೂತು ನೋಡುವುದು ವಾಸಿ.

ಹಳೆಯ ಕಡತಗಳ ಕಥೆ

ಈ ದೇಶದವರು ದಾಖಲೆಯ ಬೆಲೆಯನ್ನು ನೊಂದು ಕಲಿತವರು. 1922ರ ಜೂನ್ 30ರಂದು ಅಂತರ್ಯುದ್ಧದ ಕದನದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲಾಲಯ ಸಿಡಿದು ಉರಿಯಿತು. ಶತಮಾನಗಳ ಕಾಗದ ಬೂದಿಯಾಯಿತು. ಅದನ್ನು ಬೇರೆಡೆಯ ಪ್ರತಿಗಳಿಂದ ಮತ್ತೆ ಕಟ್ಟುವ ಡಿಜಿಟಲ್ ಭಂಡಾರವೊಂದು ನೂರು ವರ್ಷದ ಮೇಲೆ 2022ರಲ್ಲಿ ತೆರೆಯಿತು. ಊರೂರಿನ ಪೆಟಿ ಸೆಷನ್ಸ್ ಎಂಬ ಸಣ್ಣ ಕೋರ್ಟುಗಳ ಪುಸ್ತಕಗಳು ಮಾತ್ರ ಬಹಳಷ್ಟು ಉಳಿದಿವೆ. ಅವು ಈಗ ಬಿಷಪ್ ಸ್ಟ್ರೀಟಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಕುಡಿದು ಬಿದ್ದವನು, ಲೈಸೆನ್ಸಿಲ್ಲದ ನಾಯಿ ಸಾಕಿದವನು, ರಸ್ತೆಗೆ ಕತ್ತೆ ಬಿಟ್ಟವನು ಎಲ್ಲರೂ ಅಲ್ಲಿದ್ದಾರೆ. ನಮ್ಮೂರಿನ ದೊಡ್ಡಿಗೆ ಹೊಡೆದ ಎಮ್ಮೆಯ ಜಗಳವೇ ಅದು! 1924ರಲ್ಲಿ ಆ ಕೋರ್ಟುಗಳ ಜಾಗಕ್ಕೆ ಡಿಸ್ಟ್ರಿಕ್ಟ್ ಕೋರ್ಟು ಬಂತು. ಆದರೂ 1851ರ ಪೆಟಿ ಸೆಷನ್ಸ್ ಕಾಯಿದೆಯಂತೆ, ಸಾಧಾರಣವಾಗಿ ಸಣ್ಣ ತಪ್ಪು ನಡೆದ ಆರು ತಿಂಗಳೊಳಗೆ ದೂರು ಬರಬೇಕೆಂಬ ನಿಯಮ ಇಂದಿಗೂ ನಿಂತಿದೆ. ಶಾಲೆಯಲ್ಲಿ ಸ್ಥಳೀಯ ಇತಿಹಾಸ ಬರೆಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಸೊಗಸಾದ ಸಾಮಗ್ರಿ ಬೇಕೇ?

ಇಷ್ಟು ಮಾಡೋಣ

ಮನೆ ಬದಲಾದ ವಾರದಲ್ಲೇ ಕಾರಿನ ನೋಂದಣಿಗೂ ಚಾಲನಾ ಪರವಾನಗಿಗೂ ಹೊಸ ವಿಳಾಸ ಕೊಡೋಣ. ಬಂದ ಲಕೋಟೆಯನ್ನು ಅಂದೇ ಒಡೆಯೋಣ. ಕಟ್ಟಿದ ದಂಡದ ರಸೀತಿಯನ್ನು ಪೌರತ್ವದ ಕಾಗದಗಳ ಜೊತೆಯಲ್ಲೇ ಇಡೋಣ. ಊರಿನ ಪ್ರಕರಣದ ಸಂಖ್ಯೆಯನ್ನು ಗಂಡಹೆಂಡಿರಿಬ್ಬರೂ ತಿಳಿದಿರೋಣ. ಒಬ್ಬರಿಗೇ ಗೊತ್ತಿದ್ದ ಸಂಗತಿ ಆ ಒಬ್ಬರೊಡನೆಯೇ ಹೋಗಿಬಿಡುತ್ತದೆ. ಇನ್ನು ನೆರೆಯ ಕನ್ನಡ ಸಂಸಾರಕ್ಕೆ ಸಮನ್ಸು ಬಂದಿದೆಯೆಂದು ತಿಳಿದರೆ ಅದನ್ನು ಹತ್ತು ಕಡೆ ಹೇಳುವ ಬದಲು ಅವರೊಡನೆ ಕೋರ್ಟಿಗೆ ಹೋಗಿ ಬೆಂಚಿನ ಮೇಲೆ ಜೊತೆಗೆ ಕೂರೋಣ. ಅಲ್ಲಿ ಹೆಸರು ಕೂಗುವವರಿಗೆ ನಮ್ಮ ಹೆಸರು ಸರಿಯಾಗಿ ಬಾರದು; ಕೂಗಿದ್ದು ನಮ್ಮದೇ ಎಂದು ಗುರುತಿಸಲು ಕನ್ನಡದ ಇನ್ನೆರಡು ಕಿವಿ ಪಕ್ಕದಲ್ಲಿದ್ದರೆ ಒಳ್ಳೆಯದು.