ತಾಯಿಯನ್ನಗಲಿದ ಬೆಕ್ಕಿನ ಮರಿ: ಮೊದಲು ಶಾಖ, ಬಳಿಕ ಹಾಲು

ನಮ್ಮ ನಾಡಿನ ದರ್ಶನಗ್ರಂಥಗಳ ಪಾಠದಲ್ಲಿ ಎರಡು ನ್ಯಾಯಗಳು ಬರುತ್ತವೆ. ಒಂದು ಮರ್ಕಟ ಕಿಶೋರ ನ್ಯಾಯ, ಇನ್ನೊಂದು ಮಾರ್ಜಾಲ ಕಿಶೋರ ನ್ಯಾಯ. ಕೋತಿಯ ಮರಿಯು ತಾಯಿಯ ಒಡಲನ್ನು ತಾನೇ ಬಿಗಿಯಾಗಿ ಅವುಚಿಕೊಂಡಿರುತ್ತದೆ. ಬೆಕ್ಕಿನ ಮರಿಯಾದರೋ ಏನನ್ನೂ ಮಾಡಲಾರದು. ತಾಯಿಯೇ ಬಂದು ಅದರ ಕೊರಳ ಹಿಂಬದಿಯನ್ನು ಮೆಲ್ಲಗೆ ಕಚ್ಚಿ ಎತ್ತಿಕೊಂಡು ಹೋಗಬೇಕು. ಶ್ರೀವೈಷ್ಣವ ಆಚಾರ್ಯರು ಶರಣಾಗತಿಯ ಸ್ವರೂಪವನ್ನು ವಿವರಿಸಲು ಈ ದೃಷ್ಟಾಂತಗಳನ್ನು ಬಳಸಿದರು. ತತ್ತ್ವದ ಮಾತು ಹಾಗಿರಲಿ. ಲೋಕದಲ್ಲಿ ನಾವು ಕಾಣುವ ಸಂಗತಿ ಬೇರೆ: ಎತ್ತಿಕೊಂಡು ಹೋಗುವ ಆ ತಾಯಿಯೇ ಇಲ್ಲವಾದಾಗ ಮರಿಯ ಗತಿಯೇನು?

ಮಳೆಗಾಲ ಬಂತೆಂದರೆ ಈ ಪ್ರಶ್ನೆ ಮನೆಮನೆಯ ಬಾಗಿಲಿಗೆ ಬರುತ್ತದೆ. ಹಿತ್ತಿಲ ಕಟ್ಟಿಗೆಯ ರಾಶಿಯಲ್ಲಿ, ದನದ ಕೊಟ್ಟಿಗೆಯ ಮೂಲೆಯಲ್ಲಿ, ನಗರದ ಚರಂಡಿಯ ಬದಿಯಲ್ಲಿ ಕಣ್ಣು ಬಿಡದ ಮರಿಯೊಂದು ಕೂಗುತ್ತಿರುತ್ತದೆ. ಶಾಲೆಯಿಂದ ಬರುವ ಮಗು ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಗೆ ತರುತ್ತದೆ. ಮನೆಯ ತಾಯಂದಿರು ಮರುಕದಿಂದ ಬಟ್ಟಲಲ್ಲಿ ಹಸುವಿನ ಹಾಲನ್ನಿಡುತ್ತಾರೆ. ಮರುದಿನವೋ ಮೂರನೆಯ ದಿನವೋ ಆ ಮರಿ ಸತ್ತುಹೋಗುತ್ತದೆ. "ಅದರ ಆಯುಷ್ಯ ಅಷ್ಟೇ ಇತ್ತು" ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಆಯುಷ್ಯದ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಂಥ ಎಷ್ಟೋ ಸಾವುಗಳು ದಯೆಯ ಕೊರತೆಯಿಂದಲ್ಲ, ತಿಳಿವಳಿಕೆಯ ಕೊರತೆಯಿಂದ ಆಗುತ್ತವೆ ಎಂಬುದನ್ನು ಮನೆಯ ಹಿರಿಯರು ಗಮನಿಸಬೇಕು.

ತಾಯಿ ನಿಜವಾಗಿಯೂ ಇಲ್ಲವೇ?

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ನಮ್ಮಲ್ಲಿದೆ. ಏಳರ ಲೆಕ್ಕ ಹೇಗೇ ಇರಲಿ, ಮಾತಿನಲ್ಲಿ ಸತ್ಯವಿದೆ. ತಾಯಿಬೆಕ್ಕು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಸ್ಥಳ ಬದಲಿಸುವಾಗ ಉಳಿದವು ಸ್ವಲ್ಪ ಕಾಲ ಒಂಟಿಯಾಗಿರುತ್ತವೆ. ಬೇಟೆಗೆ ಹೋದ ತಾಯಿ ಮರಳಲು ಕೆಲವು ಗಂಟೆಗಳೂ ಆಗಬಹುದು. ಆದುದರಿಂದ ಮರಿಯ ಮೈ ಬೆಚ್ಚಗಿದ್ದು, ಹೊಟ್ಟೆ ತುಂಬಿದ್ದು, ಅದು ಸುಮ್ಮನೆ ಮಲಗಿದ್ದರೆ ದೂರದಲ್ಲಿ ನಿಂತು ಕಾದು ನೋಡುವುದೇ ಸರಿ. ತಾಯಿಯ ಹಾಲಿಗೆ ಸಮನಾದುದನ್ನು ಮನುಷ್ಯನು ಕೊಡಲಾರ. ಹುಟ್ಟಿದ ಮೊದಲ ದಿನ ಸಿಗುವ ಗಿಣ್ಣುಹಾಲಿನ ರೋಗನಿರೋಧಕ ಶಕ್ತಿಯಂತೂ ಬೇರೆಡೆ ದೊರೆಯದು. ಆದರೆ ಮೈ ತಣ್ಣಗಾಗಿ, ಕೊಳೆಯಾಗಿ, ಬಿಡದೆ ಕೂಗುತ್ತಿದ್ದರೆ, ಅಥವಾ ಕೂಗುವ ಶಕ್ತಿಯೂ ಇಲ್ಲದೆ ಬಿದ್ದಿದ್ದರೆ ತಡಮಾಡಬಾರದು.

ಮರಿಯ ವಯಸ್ಸನ್ನು ಅಂದಾಜು ಮಾಡಲು ಕೆಲವು ಗುರುತುಗಳಿವೆ. ಹೊಕ್ಕುಳ ಬಳ್ಳಿಯ ತುಣುಕು ಇನ್ನೂ ಅಂಟಿಕೊಂಡಿದ್ದರೆ ಅದು ಐದು ದಿನದೊಳಗಿನ ಮರಿ. ಕಣ್ಣು ತೆರೆಯುವುದು 7ರಿಂದ 14 ದಿನಗಳ ನಡುವೆ. ಮೂರನೆಯ ವಾರದ ಹೊತ್ತಿಗೆ ಕಿವಿ ನೆಟ್ಟಗಾಗಿ, ಮುಂದಿನ ಸಣ್ಣ ಹಲ್ಲುಗಳು ಮೂಡತೊಡಗುತ್ತವೆ.

ಶಾಖವೇ ಮೊದಲ ಔಷಧ

ಎಳೆಯ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಮೊದಲ ವಾರದಲ್ಲಿ ಅದಕ್ಕೆ ಚಳಿಗೆ ನಡುಗುವುದೂ ತಿಳಿಯದು. ಒಡಹುಟ್ಟಿದ ಮರಿಗಳ ಹಾಗೂ ತಾಯಿಯ ಮೈಯೇ ಅದರ ಒಲೆ. ಆಗ ಸುತ್ತಲಿನ ಗಾಳಿಯೇ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕಾಗುತ್ತದೆ. ನಮ್ಮಲ್ಲಿ ಮಳೆಗಾಲದ ರಾತ್ರಿಗಳು ಇದಕ್ಕಿಂತ ಎಷ್ಟೋ ತಂಪು. ಬೆಳೆದವರಿಗೆ ಹಿತವೆನಿಸುವ ತಂಪು ಆ ಮರಿಗೆ ಪ್ರಾಣಾಂತಿಕ.

ಇಲ್ಲಿ ಎಲ್ಲರೂ ಅರಿಯಬೇಕಾದ ಒಂದು ಮುಖ್ಯ ಸಂಗತಿಯಿದೆ. ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಜೀರ್ಣವಾಗದೆ ಅಲ್ಲಿಯೇ ಕೆಡುತ್ತದೆ. ಗಂಟಲಲ್ಲಿ ಇಳಿಯದೆ ಶ್ವಾಸಕೋಶಕ್ಕೂ ಹೋಗಬಹುದು. ಆದುದರಿಂದ ಹಸಿದು ಕೂಗುತ್ತಿದ್ದರೂ ಮೊದಲು ಶಾಖ, ಬಳಿಕ ಹಾಲು. ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಅದಕ್ಕೆ ಎರಡು ಸುತ್ತು ಬಟ್ಟೆ ಸುತ್ತಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕೌದಿಯನ್ನು ಹಾಸಿ, ಒಂದು ಬದಿಗೆ ಮಾತ್ರ ಈ ಬಾಟಲಿಯನ್ನಿಡಬೇಕು. ಬಿಸಿ ಹೆಚ್ಚಾದರೆ ಮರಿ ಇನ್ನೊಂದು ಬದಿಗೆ ತೆವಳಿಕೊಳ್ಳಲು ಜಾಗವಿರಬೇಕು. ಒಲೆಯ ಮುಂದೆ ಹಿಡಿಯುವುದಾಗಲಿ ಬಿಸಿನೀರಿನಲ್ಲಿ ಅದ್ದುವುದಾಗಲಿ ಕೂಡದು. ಒಂದರಿಂದ ಮೂರು ಗಂಟೆಗಳ ಅವಧಿಯಲ್ಲಿ ಮೈ ಮೆಲ್ಲಮೆಲ್ಲನೆ ಬೆಚ್ಚಗಾಗಬೇಕು. ಮರಿ ತೀರಾ ನಿತ್ರಾಣವಾಗಿದ್ದರೆ ಗ್ಲೂಕೋಸ್ ನೀರಿನ ಒಂದು ತೊಟ್ಟನ್ನು ವಸಡಿಗೆ ಸವರಬಹುದು. ಬಾಯಿಗೆ ಸುರಿಯಬಾರದು.

ಯಾವ ಹಾಲು, ಎಷ್ಟು ಹಾಲು?

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ, ಬೆಕ್ಕಿಗೂ ಹಸುವಿನ ಹಾಲಿಗೂ ಬಿಡದ ನಂಟು ಎಂಬ ಭಾವನೆ ಬೇರೂರಿದೆ. ಹಸುವಿನ ಹಾಲು ಕರುವಿಗಾಗಿ ಆದದ್ದು. ಬೆಕ್ಕಿನ ಹಾಲಿನಲ್ಲಿ ಸಸಾರಜನಕ ಹಸುವಿನ ಹಾಲಿಗಿಂತ ಎರಡು ಪಟ್ಟು ಹೆಚ್ಚು. ಕೇವಲ ಹಸುವಿನ ಹಾಲನ್ನು ಕುಡಿದ ಮರಿಗೆ ಪುಷ್ಟಿ ಸಾಲದು; ಮೇಲಾಗಿ ಭೇದಿಯಾಗುತ್ತದೆ. ನೂರು ಗ್ರಾಂ ತೂಕದ ಜೀವಕ್ಕೆ ಒಂದು ದಿನದ ಭೇದಿಯೂ ಮೈಯ ನೀರನ್ನೆಲ್ಲ ಬತ್ತಿಸಲು ಸಾಕು. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಈಗ ನಗರಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ದೊರೆಯುತ್ತದೆ. ಮರಿಯನ್ನು ಬೆಚ್ಚಗೆ ಮಾಡುವ ಆ ಒಂದೆರಡು ಗಂಟೆಗಳಲ್ಲಿ ಮನೆಯವರೊಬ್ಬರು ಅದನ್ನು ತರಬಹುದು. ಸಿಗದಿದ್ದರೆ ಪಶುವೈದ್ಯರ ಸಲಹೆಯನ್ನು ಕೇಳಬೇಕು.

ಹಾಲು ನಮ್ಮ ಮೈಬಿಸಿಯಷ್ಟು ಬೆಚ್ಚಗಿರಲಿ. ಕೂಸನ್ನು ಮಲಗಿಸಿದಂತೆ ಮರಿಯನ್ನು ಅಂಗಾತ ಮಲಗಿಸಿ ಕುಡಿಸಬಾರದು. ಹಾಲು ಶ್ವಾಸಕೋಶ ಸೇರಿ ನ್ಯುಮೋನಿಯಾ ಬರುತ್ತದೆ. ತಾಯಿಯ ಬಳಿ ಹಾಲುಣ್ಣುವಂತೆಯೇ ಹೊಟ್ಟೆಯ ಮೇಲೆ ಮಲಗಿಸಿ, ತಲೆಯನ್ನು ತುಸು ಎತ್ತಿಟ್ಟು, ಸೂಜಿ ತೆಗೆದ ಸಿರಿಂಜಿನಿಂದಲೋ ಪುಟ್ಟ ಬಾಟಲಿಯಿಂದಲೋ ತೊಟ್ಟುತೊಟ್ಟಾಗಿ ಕುಡಿಸಬೇಕು. 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿಲಿಲೀಟರ್ ಸಾಕು. ಅದರ ಹೊಟ್ಟೆ ಹಿಡಿಸುವುದೇ ಅಷ್ಟು. ಮೊದಲ ವಾರದಲ್ಲಿ ಎರಡು ಮೂರು ಗಂಟೆಗೊಮ್ಮೆ, ಎರಡನೆಯ ವಾರದಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕಾಗುತ್ತದೆ. ಬಡಕಲು ಮರಿಗೆ ಒಮ್ಮೆಲೇ ಹೆಚ್ಚು ಕುಡಿಸಿ ತೂಕ ತರಲಾಗದು. ಕಡಿಮೆ ಪ್ರಮಾಣದಲ್ಲಿ ಮೇಲಿಂದ ಮೇಲೆ ಕೊಡುವುದೇ ದಾರಿ.

ಇನ್ನೊಂದು ಕರ್ತವ್ಯವಿದೆ, ಹೇಳಲು ಸಂಕೋಚಪಡಬೇಕಾಗಿಲ್ಲ. ಮೂರು ವಾರದವರೆಗೆ ಮರಿಯು ತಾನಾಗಿಯೇ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಅದನ್ನು ಆಗಮಾಡಿಸುತ್ತದೆ. ತಾಯಿಯ ಸ್ಥಾನದಲ್ಲಿ ನಿಂತವರು ಪ್ರತಿಸಲ ಹಾಲು ಕುಡಿಸಿದ ಮೇಲೆ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಆ ಭಾಗವನ್ನು ಮೃದುವಾಗಿ ಒರೆಸಬೇಕು.

ತಕ್ಕಡಿಯ ಸಾಕ್ಷ್ಯ

ಹುಟ್ಟಿದಾಗ ಬೆಕ್ಕಿನ ಮರಿಯ ತೂಕ ಸುಮಾರು 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು; ಎರಡು ವಾರದೊಳಗೆ ಇಮ್ಮಡಿಯಾಗಬೇಕು. ಕಣ್ಣಿಗೆ ಈ ಏರಿಳಿತ ಕಾಣಿಸದು, ತಕ್ಕಡಿಗೆ ಕಾಣಿಸುತ್ತದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಪ್ರತಿದಿನ ಒಂದೇ ಹೊತ್ತಿಗೆ ತೂಗಿ ಬರೆದಿಡಬೇಕು. ಒಂದು ದಿನ ತೂಕ ಏರದಿದ್ದರೆ ಎಚ್ಚರ. ಇಳಿದರೆ ಅಂದೇ ವೈದ್ಯರಲ್ಲಿಗೆ.

ನಮ್ಮ ನೆರೆಮನೆಯಲ್ಲಿ ನಡೆದ ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಆಷಾಢದ ಮಳೆಯಲ್ಲಿ ತೊಯ್ದ ಎರಡು ಮರಿಗಳನ್ನು ಮೊಮ್ಮಗಳು ತಂದಳು. ಕಣ್ಣು ಅರೆತೆರೆದಿದ್ದವು, ಅಂದರೆ ಹತ್ತು ದಿನದ ಮರಿಗಳು. ಒಂದು 140 ಗ್ರಾಂ, ಇನ್ನೊಂದು 115. ಆ ವಯಸ್ಸಿಗೆ 200 ಗ್ರಾಮಿಗಿಂತ ಮೇಲಿರಬೇಕಿತ್ತು. ಅಜ್ಜಿ ಹಾಲಿನ ಗಿಂಡಿಯನ್ನು ಹಿಡಿದಾಗಲೇ ಪಶುವೈದ್ಯರು ಫೋನಿನಲ್ಲಿ, "ಅಮ್ಮಾರ, ಹಾಲು ಆಮ್ಯಾಗ. ಮೊದಲ ಮರಿ ಬೆಚ್ಚಗಾಗ್ಲಿ" ಎಂದರಂತೆ. ಆ ಮನೆಯವರು ಹಾಗೆಯೇ ನಡೆದುಕೊಂಡರು. ಅಜ್ಜಿ, ಸೊಸೆ, ಮಗ ಸರದಿಯಂತೆ ರಾತ್ರಿ ಎದ್ದರು. ಹುಡುಗಿ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ತೂಕವನ್ನು ಬರೆಯುತ್ತಾ ಹೋದಳು. ದೊಡ್ಡ ಮರಿಯದು 140, 141, 147, 158. ಚಿಕ್ಕದು 115, 114, 110. ಅದನ್ನು ವೈದ್ಯರಲ್ಲಿಗೆ ಒಯ್ದರು. ಚರ್ಮದಡಿಗೆ ನೀರು ಕೊಡಿಸಿದರು. ನಾಲ್ಕನೆಯ ರಾತ್ರಿ ಅದು ತೀರಿಕೊಂಡಿತು. ಹುಡುಗಿ ಬಹಳ ಅತ್ತಳು. "ನಾವೇನು ತಪ್ಪು ಮಾಡಿದಿವಿ?" ಎಂದು ಕೇಳಿದಳು. ಅಜ್ಜಿ ಆ ಪುಟವನ್ನೇ ತೆಗೆದು ತೋರಿಸಿ, "ಏನೂ ತಪ್ಪಿಲ್ಲವ್ವ. ಅದು ಬರುವಾಗಲೇ ಸೋತು ಬಂದಿತ್ತು. ನಾಲ್ಕು ದಿನ ಬೆಚ್ಚಗಿತ್ತಲ್ಲ" ಎಂದರು. ಮಕ್ಕಳಿಗೆ ಸಾವನ್ನು ಮುಚ್ಚಿಡುವುದಕ್ಕಿಂತ ಹೀಗೆ ನಿಜವನ್ನು ಹೇಳುವುದೇ ಮೇಲು. ಬಡಕಲು ಮರಿಗಳಲ್ಲಿ ಎಲ್ಲವೂ ಉಳಿಯುವುದಿಲ್ಲ. ಕೈಹಿಡಿಯುವವರು ಇದನ್ನು ಅರಿತೇ ಹಿಡಿಯಬೇಕು. ಉಳಿದ ಮರಿ ಈಗ ಆ ಮನೆಯ ಹಿತ್ತಿಲನ್ನು ಆಳುತ್ತಿದೆ.

ಮನೆಯೊಳಗಿನ ಅಪಾಯಗಳು

ಚಿಗಟಗಳು ರಕ್ತ ಹೀರಿಯೇ ಎಳೆಯ ಮರಿಯನ್ನು ಕೊಲ್ಲಬಲ್ಲವು. ವಸಡು ಬಿಳಿಚಿದ್ದರೆ ಅದೇ ಸೂಚನೆ. ಆದರೆ ನಾಯಿಗೆ ಹಾಕುವ ಚಿಗಟದ ಪುಡಿ, ಔಷಧಗಳನ್ನು ಹಚ್ಚಬಾರದು. ಅವುಗಳಲ್ಲಿ ಅನೇಕ ಬಾರಿ ಇರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆಯುವುದೇ ಕ್ಷೇಮ. ನೆಲ ಒರೆಸುವ ಫಿನಾಯಿಲ್ ಮರಿಯಿರುವ ಕೋಣೆಯಲ್ಲಿ ಬೇಡ. ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆಯನ್ನು ಪುಡಿಮಾಡಿ ಕೊಡುವವರಿದ್ದಾರೆ. ಬೆಕ್ಕಿಗೆ ಅದು ಪ್ರಾಣಹಾರಿ. ಜಂತುಹುಳುವಿನ ಔಷಧ, ಲಸಿಕೆ ಇವುಗಳನ್ನು ವೈದ್ಯರು ಹೇಳಿದ ಕಾಲಕ್ಕೇ ಕೊಡಿಸಬೇಕು. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲದೆ ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ.

ಮನೆಯವರೂ ಎಚ್ಚರದಿಂದಿರಬೇಕು. ಮರಿ ಪರಚಿದರೆ, ಕಚ್ಚಿದರೆ ಗಾಯವನ್ನು ಸಾಬೂನಿನಿಂದ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಬೆಕ್ಕಿನ ಮಲವನ್ನು ಬಳಿಯುವ ಕೆಲಸ ಮಾಡಬಾರದು.

ಶಾಕಾಹಾರಿ ಮನೆಯ ಪ್ರಶ್ನೆ

ನಮ್ಮ ಓದುಗರಲ್ಲಿ ಬಹುಪಾಲು ಶಾಕಾಹಾರಿ ಕುಟುಂಬಗಳವರು. ಅವರಿಗೆ ಒಂದು ಧರ್ಮಸಂಕಟ ಬಂದೇ ಬರುತ್ತದೆ. ಮೊದಲ ನಾಲ್ಕು ವಾರ ಹಾಲೇ ಆಹಾರವಾದ್ದರಿಂದ ತೊಡಕು ಕಡಿಮೆ. ಕೆಲವು ಪುಡಿಗಳಲ್ಲಿ ಮೊಟ್ಟೆಯ ಅಂಶವಿರುವುದುಂಟು, ಡಬ್ಬಿಯ ಮೇಲಿನ ವಿವರವನ್ನು ಓದಿಕೊಳ್ಳಬಹುದು. ಹಲ್ಲು ಬಂದ ಮೇಲೆ ಏನು? ಹಾಲು ಅನ್ನ, ಮೊಸರನ್ನ ಸಾಕೆಂದು ನಾವು ಭಾವಿಸುತ್ತೇವೆ. ಹಿಂದಿನ ಕಾಲದ ಬೆಕ್ಕುಗಳು ಹಾಲನ್ನ ಉಂಡು ಬದುಕಲಿಲ್ಲವೇ ಎಂದು ಕೇಳುವವರಿದ್ದಾರೆ. ಅವು ನಮ್ಮ ಕಣ್ಣೆದುರಿಗೆ ಹಾಲನ್ನ ಉಂಡವು. ಕಣ್ಮರೆಯಲ್ಲಿ ಕಣಜದ ಇಲಿಗಳನ್ನು ಹಿಡಿದು ಬದುಕಿದವು. ಮಹಡಿಮನೆಯೊಳಗೆ ಕೂಡಿಟ್ಟ ಬೆಕ್ಕಿಗೆ ಆ ಅವಕಾಶವಿಲ್ಲ.

ಬೆಕ್ಕಿನ ಶರೀರಕ್ಕೆ ಟಾರಿನ್ ಎಂಬ ಸತ್ತ್ವ ಬೇಕೇ ಬೇಕು. ಅದನ್ನು ಸಾಕಷ್ಟು ಪ್ರಮಾಣದಲ್ಲಿ ತಾನೇ ತಯಾರಿಸಿಕೊಳ್ಳಲು ಬೆಕ್ಕಿಗೆ ಆಗದು, ಕಾಳು, ಧಾನ್ಯಗಳಲ್ಲಿ ಅದು ಇಲ್ಲ, ಮಾಂಸ, ಮೀನುಗಳಲ್ಲಿದೆ. ಅದರ ಕೊರತೆಯಿಂದ ಬೆಕ್ಕು ಕುರುಡಾಗಬಹುದು. ಹೃದಯದ ಸ್ನಾಯು ದುರ್ಬಲವಾಗುವುದನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ನಮ್ಮ ಆಹಾರಧರ್ಮ ನಾವು ಅರಿತು ಆಯ್ದುಕೊಂಡದ್ದು. ಬೆಕ್ಕಿಗೆ ಆಯ್ಕೆಯಿಲ್ಲ, ಅದರ ಒಡಲೇ ಹಾಗಿದೆ. ನಮ್ಮ ವ್ರತವನ್ನು ಅದರ ಮೇಲೆ ಹೇರಿದರೆ ನಿಧಾನವಾಗಿ ಕೊಂದಂತೆಯೇ ಸರಿ.

ಹಾಗಾದರೆ ದಾರಿ ಎರಡು. ಹಿತ್ತಿಲಲ್ಲಿ ಬೇರೆ ಬಟ್ಟಲು, ಬೇರೆ ಜಾಗ ಮಾಡಿ, ಬೆಕ್ಕಿಗೆಂದೇ ತಯಾರಾದ ಆಹಾರವನ್ನು ಅಂಗಡಿಯಿಂದ ತಂದು ಹಾಕುವುದು ಒಂದು. ಅದು ಮನಸ್ಸಿಗೆ ಒಗ್ಗದಿದ್ದರೆ, ಮರಿಗೆ ಎಂಟು ವಾರ ತುಂಬಿ ಗಟ್ಟಿಯಾದ ಮೇಲೆ, ಅದರ ಆಹಾರವನ್ನು ಕೊಡಬಲ್ಲ ನಂಬಿಗೆಯ ಮನೆಯೊಂದಕ್ಕೆ ಒಪ್ಪಿಸುವುದು ಇನ್ನೊಂದು. ಎರಡೂ ಗೌರವದ ದಾರಿಗಳೇ. ಚೀಲದಲ್ಲಿ ಕಟ್ಟಿ ಸಂತೆಯ ಬಯಲಿಗೆ ಬಿಟ್ಟು ಬರುವುದು ಮಾತ್ರ ದಾರಿಯಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಮನೆಯಲ್ಲಿಯೇ ಉಳಿಸಿಕೊಂಡವರು ಐದಾರು ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಬೇಕು. ಬೆಕ್ಕಿನ ಗರ್ಭಧಾರಣೆಯ ಅವಧಿ ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಇಂದು ಉಳಿಸಿದ ಒಂದು ಮರಿಯಿಂದಲೇ ವರ್ಷದೊಳಗೆ ಚರಂಡಿಯ ಬದಿಗೆ ಮತ್ತೆ ನಾಲ್ಕು ಮರಿಗಳು ಬರುವಂತಾಗಬಾರದು.

ಮುಂದಿನ ಮಳೆಗೆ ನಮ್ಮ ಓದುಗ ಬಂಧುಗಳ ಮನೆಗೂ ಇಂಥ ಅತಿಥಿ ಬರಬಹುದು. ಆಗ ಹಾಲಿನ ಬಟ್ಟಲಿಗೆ ಮೊದಲು ಬಿಸಿನೀರಿನ ಬಾಟಲಿ, ಕೌದಿ, ತಕ್ಕಡಿ ಇವು ನೆನಪಾಗಲಿ. ಮಕ್ಕಳನ್ನೂ ಆ ಸೇವೆಯಲ್ಲಿ ಸೇರಿಸಿಕೊಳ್ಳಿ. ಮೂರು ಗಂಟೆಗೊಮ್ಮೆ ಎದ್ದು ಮತ್ತೊಂದು ಜೀವವನ್ನು ನೋಡಿಕೊಂಡ ಮಗು, ಮುಂದೆ ಮನೆಯ ವೃದ್ಧರನ್ನೂ ರೋಗಿಗಳನ್ನೂ ಬೇಸರಿಸದೆ ನೋಡಿಕೊಳ್ಳುತ್ತದೆ ಎಂಬುದು ನಮ್ಮ ನಂಬಿಕೆ.