'ಇದು ಖರ್ಚಲ್ಲ, ಹೂಡಿಕೆ' ಎನ್ನುವ ಮನಸ್ಸಿನ ಲೆಕ್ಕ

ಕೆಲವು ತಿಂಗಳ ಹಿಂದೆ ಬೆಂಗಳೂರಿನ ಖಾಸಗಿ ಕಂಪೆನಿಯೊಂದರಲ್ಲಿ ಮ್ಯಾನೇಜರ್ ಆಗಿರುವ 49 ವರ್ಷದ ಗೃಹಸ್ಥರೊಬ್ಬರು ಪತ್ನಿಯೊಂದಿಗೆ ನನ್ನ ಬಳಿ ಬಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಎರಡು ತಿಂಗಳಿಂದ ರಾತ್ರಿ ನಿದ್ದೆಯಿಲ್ಲ, ಎದೆ ಉರಿ, ಸಣ್ಣ ಮಾತಿಗೂ ಸಿಡುಕು. ರಕ್ತದೊತ್ತಡ 150/96 ಇತ್ತು. ಇಸಿಜಿ ಸರಿಯಾಗಿತ್ತು. ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳಲ್ಲೂ ದೋಷ ಕಾಣಲಿಲ್ಲ.

'ಇತ್ತೀಚೆಗೆ ಮನೆಯಲ್ಲಿ ಏನಾದರೂ ವಿಶೇಷ ನಡೆಯಿತೇ?' ಎಂದು ಕೇಳಿದೆ.

'ಕಾರು ತಗೊಂಡ್ರು' ಎಂದರು ಪತ್ನಿ.

'ಬರೀ ಕಾರಲ್ಲ ಡಾಕ್ಟ್ರೇ, ಅದು ಇನ್‌ವೆಸ್ಟ್‌ಮೆಂಟ್' ಎಂದು ಆತ ತಿದ್ದಿದರು.

ಮುಂದಿನ ಹತ್ತು ನಿಮಿಷ ಆತನದೇ ಮಾತು. ಹತ್ತು ವರ್ಷ ಹಳೆಯ, ಎರಡೇ ಸೀಟಿನ ವಿದೇಶಿ ಸ್ಪೋರ್ಟ್ಸ್ ಕಾರು. ಬೆಲೆ 24 ಲಕ್ಷ. ಹೊಸದರ ಬೆಲೆ ಇದರ ನಾಲ್ಕು ಪಟ್ಟು. ಇಳಿಯಬೇಕಾದಷ್ಟು ಬೆಲೆ ಆಗಲೇ ಇಳಿದಾಗಿದೆ, ಇನ್ನೇನಿದ್ದರೂ ಏರುವುದೇ. ಇಂಥ ಎಂಜಿನ್ ಮುಂದೆ ಬರುವುದಿಲ್ಲ, ಎಲ್ಲವೂ ವಿದ್ಯುತ್ ಕಾರುಗಳಾಗುತ್ತವೆ. ಬ್ಯಾಂಕಿನ ಬಡ್ಡಿಗಿಂತ ಇದೇ ವಾಸಿ. ಹೀಗೆ ಒಂದರ ಮೇಲೊಂದು ಕಾರಣ. ದುಡ್ಡಿನಲ್ಲಿ 10 ಲಕ್ಷ ಮಗಳ ಎಂಜಿನಿಯರಿಂಗ್ ಓದಿಗೆಂದು ಇಟ್ಟಿದ್ದ ಠೇವಣಿ ಮುರಿಸಿ ತಂದದ್ದು, ಉಳಿದದ್ದು ಸಾಲ.

ಪತ್ನಿ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರು: 'ಕಾರು ತಗೊಂಡಿದ್ದಕ್ಕೆ ನಂಗೆ ಬೇಜಾರಿಲ್ಲ ಡಾಕ್ಟ್ರೇ. ಆಸೆಯಾಯ್ತು, ತಗೊಂಡೆ ಅಂದಿದ್ರೆ ಮುಗೀತಿತ್ತು. ಮಗಳ ಫೀಸಿನ ದುಡ್ಡು ತೆಗೆದು, ಇದು ಅವಳಿಗೋಸ್ಕರಾನೇ ಅಂತಾರಲ್ಲ, ಅದನ್ನ ನುಂಗೋಕಾಗ್ತಿಲ್ಲ.'

ರೋಗದ ಮೂಲ ಆ ತಾಯಿಯ ಮಾತಿನಲ್ಲೇ ಇತ್ತು.

ತೀರ್ಮಾನ ಮೊದಲು, ಕಾರಣ ಆಮೇಲೆ

ನಾವು ಯೋಚಿಸಿ, ಕೂಡಿ ಕಳೆದು, ನಂತರ ತೀರ್ಮಾನಕ್ಕೆ ಬರುತ್ತೇವೆ ಎಂದು ನಂಬಿದ್ದೇವೆ. ಅನೇಕ ಸಲ ನಡೆಯುವುದು ಇದರ ತಿರುಗುಮುರುಗು. ಮನಸ್ಸು ಮೊದಲೇ ತೀರ್ಮಾನ ಮಾಡಿರುತ್ತದೆ, ಬುದ್ಧಿ ಆಮೇಲೆ ಅದಕ್ಕೆ ಒಪ್ಪುವಂಥ ಕಾರಣಗಳನ್ನು ಹುಡುಕಿ ಕೊಡುತ್ತದೆ. ಇದಕ್ಕೆ ಮನೋವಿಜ್ಞಾನದಲ್ಲಿ 'ರ‍್ಯಾಷನಲೈಸೇಷನ್' ಎಂಬ ಹೆಸರನ್ನು 1908ರಲ್ಲಿ ಬಳಕೆಗೆ ತಂದವರು ಫ್ರಾಯ್ಡ್‌ನ ಶಿಷ್ಯ ಅರ್ನೆಸ್ಟ್ ಜೋನ್ಸ್. ಕನ್ನಡದಲ್ಲಿ ಇದನ್ನು ಸ್ವಸಮರ್ಥನೆ ಎನ್ನಬಹುದು. ಇದು ಬೇಕೆಂದೇ ಹೇಳುವ ಸುಳ್ಳಲ್ಲ. ಹೇಳುವವರು ಅದನ್ನು ತಾವೇ ಮೊದಲು ನಂಬಿರುತ್ತಾರೆ. ಆದ್ದರಿಂದಲೇ ಅವರೊಡನೆ ವಾದ ಮಾಡಿ ಗೆಲ್ಲುವುದು ಕಷ್ಟ.

ಇದನ್ನು ಪತ್ತೆ ಹಚ್ಚಲು ಒಂದು ಸುಲಭ ಉಪಾಯವಿದೆ. ಹಣ ಬೆಳೆಯಬೇಕೆಂಬುದೊಂದೇ ಉದ್ದೇಶವಾಗಿದ್ದರೆ ಚಿನ್ನ, ಅಂಚೆ ಕಚೇರಿ, ಷೇರು, ಸೈಟು ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಿದ್ದೀರಾ? ನಮ್ಮ ಗೃಹಸ್ಥರನ್ನು ಹೀಗೆ ಕೇಳಿದಾಗ ಉತ್ತರವಿರಲಿಲ್ಲ. 'ಬಣ್ಣ ಯಾವುದು?' ಎಂದೆ. 'ಕೆಂಪು' ಎನ್ನುವಾಗ ಮುಖ ಅರಳಿತು. ಠೇವಣಿ ರಸೀದಿಯ ಬಣ್ಣ ಹೇಳುವಾಗ ಯಾರ ಮುಖವೂ ಹಾಗೆ ಅರಳುವುದಿಲ್ಲ.

ಕೊಂಡ ಮೇಲೆ ಜಾಹೀರಾತು ಓದುವವರು

ನಿದ್ದೆ ಬಾರದ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ವಿಚಾರಿಸಿದೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನಲ್ಲಿ ಅದೇ ಮಾದರಿಯ ಕಾರುಗಳು ಎಲ್ಲೆಲ್ಲಿ ಎಷ್ಟೆಷ್ಟಕ್ಕೆ ಮಾರಾಟಕ್ಕಿವೆ ಎಂದು ನೋಡುತ್ತಿದ್ದರಂತೆ. ಹೆಚ್ಚಿನ ಬೆಲೆ ಕಂಡರೆ ಸಮಾಧಾನ, ಕಡಿಮೆ ಬೆಲೆ ಕಂಡರೆ ಎದೆ ಉರಿ!

ಇದು ಅವರೊಬ್ಬರದೇ ವಿಚಿತ್ರವಲ್ಲ. ಅಮೆರಿಕದಲ್ಲಿ 1957ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಗಷ್ಟೇ ಹೊಸ ಕಾರು ಕೊಂಡವರು ಯಾವ ಜಾಹೀರಾತುಗಳನ್ನು ಓದುತ್ತಾರೆಂದು ಪರೀಕ್ಷಿಸಲಾಯಿತು. ಕೊಂಡಾದ ಮೇಲೆ ಜಾಹೀರಾತಿನಿಂದ ಏನು ಪ್ರಯೋಜನ? ಆದರೂ ತಾವು ಕೊಂಡ ಕಾರಿನ ಜಾಹೀರಾತನ್ನೇ ಅವರು ಹೆಚ್ಚಾಗಿ ಓದುತ್ತಿದ್ದರು. ಯೋಚಿಸಿ ಬಿಟ್ಟುಬಿಟ್ಟ ಕಾರುಗಳ ಜಾಹೀರಾತನ್ನು ಅಷ್ಟಾಗಿ ಓದುತ್ತಿರಲಿಲ್ಲ. ಅದಕ್ಕೆ ಮೊದಲು, 1956ರಲ್ಲಿ, ಜ್ಯಾಕ್ ಬ್ರೆಮ್ ಎಂಬ ಮನೋವಿಜ್ಞಾನಿ ಯುವತಿಯರಿಗೆ ಮನೆಬಳಕೆಯ ಎಂಟು ವಸ್ತುಗಳನ್ನು ತೋರಿಸಿ ಅಂಕ ಹಾಕಿಸಿದರು. ಅವುಗಳಲ್ಲಿ ಎರಡನ್ನು ಮುಂದಿಟ್ಟು, ಒಂದನ್ನು ಉಡುಗೊರೆಯಾಗಿ ಆರಿಸಿಕೊಳ್ಳಲು ಹೇಳಿದರು. ನಂತರ ಮತ್ತೆ ಅಂಕ ಕೇಳಿದಾಗ ಆರಿಸಿಕೊಂಡ ವಸ್ತುವಿನ ಅಂಕ ಏರಿತ್ತು, ಬಿಟ್ಟದ್ದರ ಅಂಕ ಇಳಿದಿತ್ತು!

ಈ ಬಗೆಯ ವರ್ತನೆಗೆ ವಿವರಣೆ ಕೊಟ್ಟವರು ಲಿಯಾನ್ ಫೆಸ್ಟಿಂಗರ್. 1957ರ ತಮ್ಮ ಪುಸ್ತಕದಲ್ಲಿ ಅವರು ಹೇಳಿದ್ದು ಇಷ್ಟು: ಒಂದಕ್ಕೊಂದು ಹೊಂದದ ಎರಡು ವಿಚಾರಗಳು ಮನಸ್ಸಿನಲ್ಲಿದ್ದರೆ ಹಿಂಸೆಯಾಗುತ್ತದೆ. 'ನಾನು ಜವಾಬ್ದಾರಿಯುಳ್ಳ ತಂದೆ' ಎಂಬುದು ಒಂದು. 'ಮಗಳ ಹಣದಲ್ಲಿ ನನ್ನ ಆಟಿಕೆ ಕೊಂಡೆ' ಎಂಬುದು ಇನ್ನೊಂದು. ಎರಡರ ನಡುವಿನ ಹಿಂಸೆ ತಪ್ಪಿಸಿಕೊಳ್ಳಲು ಮನಸ್ಸು ಮೂರನೆಯದನ್ನು ಹುಟ್ಟಿಸುತ್ತದೆ: 'ಇದು ಹೂಡಿಕೆ.'

ಹಿಡಿದ ಮೊಲಕ್ಕೆ ಮೂರೇ ಕಾಲು

ನಮ್ಮ ಹಿರಿಯರು ಇದನ್ನು ಒಂದೇ ಗಾದೆಯಲ್ಲಿ ಹೇಳಿಬಿಟ್ಟಿದ್ದಾರೆ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. 1990ರಲ್ಲಿ ಡೇನಿಯಲ್ ಕಾನೆಮನ್, ರಿಚರ್ಡ್ ಥೇಲರ್ ಮತ್ತು ಜ್ಯಾಕ್ ನೆಟ್ಷ್ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ ಕೊಡಲಾಯಿತು. ಮಗ್ ಕೈಗೆ ಬಂದವರು ಮಾರಲು ಕೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟು! ಕೆಲವೇ ನಿಮಿಷ ತಮ್ಮದಾಗಿದ್ದ ಮಗ್‌ಗೆ ಹೀಗಾದರೆ, ಕೈಯಾರೆ ಒರೆಸಿ ಹೊದಿಕೆ ಹೊದಿಸುವ ಕೆಂಪು ಕಾರಿನ ಬೆಲೆ ಯಜಮಾನನ ಕಣ್ಣಿಗೆ ಎಷ್ಟಾಗಿ ಕಂಡೀತು! ಕಾನೆಮನ್ ಅವರಿಗೆ 2002ರಲ್ಲಿ, ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಅರ್ಧ ಸತ್ಯದ ಅಪಾಯ

'ಹಳೆಯ ಸ್ಪೋರ್ಟ್ಸ್ ಕಾರುಗಳು ಕೋಟಿಗಟ್ಟಲೆಗೆ ಹೋಗುವುದು ಸುಳ್ಳೇ?' ಎಂದು ಓದುಗರು ಕೇಳಬಹುದು. ಸುಳ್ಳಲ್ಲ. 1962ರಿಂದ 1964ರವರೆಗೆ ತಯಾರಾದ 'ಫೆರಾರಿ 250 ಜಿಟಿಒ' ಕಾರೊಂದು 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ಆದರೆ ಅಂಥ ಕಾರುಗಳು ಜಗತ್ತಿನಲ್ಲಿ ತಯಾರಾದದ್ದೇ 36. ಸಾವಿರಗಟ್ಟಲೆ ತಯಾರಾದ ಕಾರಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಅಪರೂಪದ ಕಾರುಗಳ ಬೆಲೆಯೂ ಏರುತ್ತಲೇ ಇರುವುದಿಲ್ಲ. 1988ರಲ್ಲಿ ಎಂಜೊ ಫೆರಾರಿ ತೀರಿಕೊಂಡ ಮೇಲೆ ಅವರ ಕಂಪೆನಿಯ ಹಳೆಯ ಕಾರುಗಳಿಗೆ ಜನ ಮುಗಿಬಿದ್ದರು. 1990ರ ದಶಕದ ಆರಂಭದಲ್ಲಿ ಆ ಗುಳ್ಳೆ ಒಡೆದು, ಶಿಖರದ ಬೆಲೆ ಕೊಟ್ಟು ಕೊಂಡವರು ಕೈಸುಟ್ಟುಕೊಂಡರು. ಇನ್ನೊಂದು ವಿಚಾರ: ಬೆಲೆ ಉಳಿಯಬೇಕಾದರೆ ಕಾರನ್ನು ಆದಷ್ಟು ಕಡಿಮೆ ಓಡಿಸಬೇಕು. ಓಡಿಸಿ ಸುಖಪಟ್ಟರೆ ಬೆಲೆ ಇಳಿಯುತ್ತದೆ. ಎರಡೂ ಒಟ್ಟಿಗೆ ದಕ್ಕುವುದು ಕಷ್ಟ.

ಈಗ ಒಂದು ಲೆಕ್ಕ ಹಾಕೋಣ. 24 ಲಕ್ಷ ರೂಪಾಯಿಯನ್ನು ಶೇ 7ರ ಬಡ್ಡಿಗೆ 5 ವರ್ಷ ಇಟ್ಟರೆ ಚಕ್ರಬಡ್ಡಿ ಸೇರಿ ಸುಮಾರು 33 ಲಕ್ಷ 66 ಸಾವಿರ ಆಗುತ್ತದೆ. ಕಾರಿನ ವಿಮೆ, ಸರ್ವೀಸು, ಟೈರು, ಬಿಡಿಭಾಗ ಎಲ್ಲ ಸೇರಿ ವರ್ಷಕ್ಕೆ 2 ಲಕ್ಷ ಎಂದಿಟ್ಟುಕೊಂಡರೆ 5 ವರ್ಷಕ್ಕೆ 10 ಲಕ್ಷ. ಅಂದರೆ 5 ವರ್ಷದ ನಂತರ ಆ ಕಾರು 43 ಲಕ್ಷ 66 ಸಾವಿರಕ್ಕೆ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಷ್ಟು ಹೊತ್ತಿಗೆ ಕಾರಿಗೆ 15 ವರ್ಷ ತುಂಬಿ ನೋಂದಣಿ ನವೀಕರಿಸಬೇಕಾಗಿರುತ್ತದೆ. 15 ಲಕ್ಷಕ್ಕೆ ಹೋಯಿತೆಂದರೆ ಐದು ವರ್ಷದ ಸಂತೋಷಕ್ಕೆ ತೆತ್ತ ಬೆಲೆ 28 ಲಕ್ಷ 66 ಸಾವಿರ, ತಿಂಗಳಿಗೆ ಸುಮಾರು 48 ಸಾವಿರ. ಇದನ್ನು ಕೊಡುವ ಶಕ್ತಿ ಇದ್ದು, ತಿಳಿದೂ ಕೊಟ್ಟರೆ ಯಾರ ಅಭ್ಯಂತರವೂ ಇಲ್ಲ. ಆದರೆ ಅದರ ಹೆಸರು ಖರ್ಚು.

ದೇಹಕ್ಕೇಕೆ ಶಿಕ್ಷೆ?

ಬಾಯಿ ಹೂಡಿಕೆ ಎಂದರೂ ಒಳಮನಸ್ಸಿಗೆ ನಿಜ ಗೊತ್ತಿರುತ್ತದೆ. ಅದನ್ನು ಅದುಮಿಡಲು ದಿನವೂ ಶ್ರಮಪಡಬೇಕು. ಸಾಲದ ಕಂತು, ಪತ್ನಿಯ ಮೌನ, ಮಗಳ ಪ್ರಶ್ನೆ ಪ್ರತಿಯೊಂದೂ ದೇಹಕ್ಕೆ ಅಪಾಯದ ಸೂಚನೆಯಂತೆ ತೋರುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಹೆಚ್ಚುತ್ತವೆ, ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ನಿದ್ದೆ ಕೆಡುತ್ತದೆ, ಎದೆ ಉರಿ ಇದ್ದವರಿಗೆ ಅದು ಉಲ್ಬಣಿಸುತ್ತದೆ. ನಡುರಾತ್ರಿ ಮೊಬೈಲಿನ ಬೆಳಕು ನಿದ್ದೆಯನ್ನು ಇನ್ನಷ್ಟು ದೂರ ಓಡಿಸುತ್ತದೆ.

ಈ ವಯಸ್ಸಿಗೇ ಏಕೆ?

ಎರಡನೆಯ ಭೇಟಿಯಲ್ಲಿ ಆತ ಒಬ್ಬರೇ ಬಂದರು. ಆಗ ಹೊರಬಂದ ವಿಷಯವೇ ಬೇರೆ. ಹಿಂದಿನ ವರ್ಷ ಪಕ್ಕದ ಟೇಬಲಿನ ಸಹೋದ್ಯೋಗಿ 51ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಿದ್ದರು. 'ರಿಟೈರ್ ಆದ್ಮೇಲೆ ಎಲ್ಲಾ ಮಾಡೋಣ ಅಂತಿದ್ದ ಡಾಕ್ಟ್ರೇ, ಏನೂ ಮಾಡಲಿಲ್ಲ. ನಮ್ಮಪ್ಪನೂ ಹಾಗೇ, ಸ್ಕೂಟರ್ ಬಿಟ್ಟು ಬೇರೆ ಏನೂ ಕಾಣಲಿಲ್ಲ' ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು.

ನಡುವಯಸ್ಸಿನ ಈ ತಳಮಳಕ್ಕೆ 'ಮಿಡ್‌ಲೈಫ್ ಕ್ರೈಸಿಸ್' ಎಂಬ ಮಾತನ್ನು 1965ರಲ್ಲಿ ಕೊಟ್ಟವರು ಎಲಿಯಟ್ ಜಾಕ್ಸ್. ಆಯುಷ್ಯಕ್ಕೂ ಒಂದು ಕೊನೆಯಿದೆ ಎಂಬ ಅರಿವೇ ಅದರ ತಿರುಳು ಎಂದರು ಅವರು. ಎಲ್ಲರಿಗೂ ಇದು ಬರಲೇಬೇಕೆಂದಿಲ್ಲ. ಆದರೆ ಬಂದವರು ಸಾವಿನ ಭಯವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ನಮ್ಮ ಸಮಾಜದಲ್ಲಿ ಸಂಸಾರಸ್ಥ ಗಂಡಸು 'ನನಗಾಗಿ ಒಂದು ಆಸೆ' ಎನ್ನಲೂ ನಾಚುತ್ತಾನೆ. 'ಹೂಡಿಕೆ' ಎಂದರೆ ಮರ್ಯಾದೆ ಉಳಿಯುತ್ತದೆ.

ಯಾವಾಗ ಇದು ಕಾಯಿಲೆ?

ಆಸೆಪಟ್ಟು ದುಬಾರಿ ವಸ್ತು ಕೊಳ್ಳುವುದು ಕಾಯಿಲೆಯಲ್ಲ. ಆದರೆ ಇದ್ದಕ್ಕಿದ್ದಂತೆ ಮಿತಿಮೀರಿ ಖರ್ಚು ಮಾಡತೊಡಗಿ, ಜೊತೆಗೆ ಎರಡು ಮೂರು ಗಂಟೆ ಮಲಗಿದರೂ ಆಯಾಸವಿಲ್ಲದಿರುವುದು, ಎಡೆಬಿಡದ ಮಾತು, ದೊಡ್ಡ ದೊಡ್ಡ ಯೋಜನೆ, ಅತಿಯಾದ ಹುರುಪು ಅಥವಾ ಕೋಪ ದಿನಗಟ್ಟಲೆ ಕಂಡರೆ ಅದು 'ಮೇನಿಯ' ಇರಬಹುದು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳಿಂದಲೂ ಕೆಲವರಲ್ಲಿ ಖರೀದಿ ಅಥವಾ ಜೂಜಿನ ಹುಚ್ಚು ಹತ್ತುವುದುಂಟು. ಅಂಥವರು ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಇಂಥ ಲಕ್ಷಣಗಳಿದ್ದರೆ ಮನೋವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಗೆ (14416) ಉಚಿತವಾಗಿ ಫೋನ್ ಮಾಡಬಹುದು.

ಕೊಳ್ಳುವ ಮೊದಲು

1. 'ಇದರ ಬೆಲೆ ಒಂದು ರೂಪಾಯಿಯೂ ಏರುವುದಿಲ್ಲ ಎಂದು ಗೊತ್ತಿದ್ದರೂ ಕೊಳ್ಳುತ್ತೇನೆಯೇ?' ಎಂದು ಕೇಳಿಕೊಳ್ಳಿ. ಹೌದಾದರೆ ಅದು ಆಸೆ, ಹಾಗೆಂದೇ ಹೇಳಿ.

2. ಕೊಳ್ಳಲು ಕಾರಣಗಳನ್ನು ಬರೆದ ಹಾಳೆಯಲ್ಲೇ ಬೇಡ ಎನ್ನುವ ಕಾರಣಗಳನ್ನೂ ಬರೆಯಿರಿ. ಅದನ್ನು ಮನೆಯವರ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು.

3. ಒಂದು ತಿಂಗಳು ತಡೆಯಿರಿ. ನಿಜವಾದ ಆಸೆ ಓಡಿಹೋಗುವುದಿಲ್ಲ.

4. ಮಕ್ಕಳ ಓದು, ಆಸ್ಪತ್ರೆ, ಮುಪ್ಪಿಗೆಂದು ಇಟ್ಟ ಹಣವನ್ನು ಮುಟ್ಟಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

5. ಬೆನ್ನು, ಮಂಡಿ ನೋವಿದ್ದವರು ಇಂಥ ತಗ್ಗಿನ ಕಾರಿಗೆ ನಾಲ್ಕಾರು ಸಲ ಹತ್ತಿ ಇಳಿದು ನೋಡಿ. ಇಳಿಯುವಾಗ ಎರಡೂ ಕಾಲುಗಳನ್ನು ಮೊದಲು ಹೊರಗಿಟ್ಟು, ನಂತರ ಏಳಿ.

ಕೊಂಡಾಗಿದ್ದರೆ ತಪ್ಪನ್ನು ಮುಚ್ಚಲು ಇನ್ನಷ್ಟು ಹಣ ಸುರಿಯಬೇಡಿ. ಬೆಲೆ ನೋಡುವ ಚಟಕ್ಕೆ ಕತ್ತರಿ ಹಾಕಿ, ರಾತ್ರಿ ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಿ. ಮನೆಯವರೂ ಗೆದ್ದವರಂತೆ ಹಂಗಿಸಬಾರದು. ಹಂಗಿಸಿದಷ್ಟೂ ಸಮರ್ಥನೆ ಬೆಳೆಯುತ್ತದೆ.

ನಮ್ಮ ಗೃಹಸ್ಥರು ಎಂಟು ತಿಂಗಳ ನಂತರ ಕಾರನ್ನು 19 ಲಕ್ಷಕ್ಕೆ ಮಾರಿದರು. ಮೊದಲು ಮಗಳ 10 ಲಕ್ಷವನ್ನು ಬ್ಯಾಂಕಿಗೆ ಕಟ್ಟಿದರು, ಉಳಿದದ್ದನ್ನು ಸಾಲಕ್ಕೆ. ಡೈರಿಯಲ್ಲಿ 5 ಲಕ್ಷವನ್ನು 'ನನ್ನ ಸಂತೋಷದ ಖರ್ಚು' ಎಂದು ಬರೆದುಕೊಂಡರಂತೆ. ಮಗಳನ್ನು ಕೂರಿಸಿಕೊಂಡು, 'ನಂಗೆ ಆಸೆಯಾಗಿತ್ತಮ್ಮ, ಅಷ್ಟೇ' ಎಂದೂ ಹೇಳಿದರಂತೆ. ಈಗ ನಿದ್ದೆ ಬರುತ್ತದೆ. ರಕ್ತದೊತ್ತಡಕ್ಕೆ ಒಂದು ಮಾತ್ರೆ ಮುಂದುವರಿದಿದೆ. ಎಲ್ಲ ದೋಷವನ್ನೂ ಕಾರಿನ ಮೇಲೆ ಹೊರಿಸುವಂತಿಲ್ಲವಲ್ಲ!

ಮಾರುವ ಮುಂಚೆ ಒಂದು ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೇ ಆ ಕಾರಿನಲ್ಲಿ ನಂದಿಬೆಟ್ಟಕ್ಕೆ ಹೋಗಿಬಂದರಂತೆ. 'ಹೇಗಿತ್ತಮ್ಮ?' ಎಂದು ಆಕೆಯನ್ನು ಕೇಳಿದೆ.

'ಸೀಟು ತುಂಬಾ ತಗ್ಗು ಡಾಕ್ಟ್ರೇ, ಇಳಿಯೋಕೆ ಇವರೇ ಕೈ ಹಿಡೀಬೇಕಾಯ್ತು' ಎಂದು ನಕ್ಕರು. 'ಆದ್ರೆ ಚೆನ್ನಾಗಿತ್ತು. ಮೊದಲೇ ಹೀಗೆ ಹೇಳಿದ್ದಿದ್ರೆ ಒಂದು ದಿನ ಬಾಡಿಗೆಗೆ ತಗೊಂಡೇ ಹೋಗಬಹುದಿತ್ತು.'